ಮಳೆಗಾಲದ ಸೀಸ

ಜೂನ್ 1, ಭಾನುವಾರ

ಸರ್ಕಾರದ ಆದೇಶದಂತೆ ಇವತ್ತಿನಿಂದ ಬೋಟುಗಳಿಗೆ ಮೀನುಗಾರಿಕೆಯಿಂದ ರಜೆ, ಜುಲೈ 31ರ ತನಕ 61 ದಿನ. ಕಾರವಾರದ ಬೈತಖೋಲ ಬಂದರಿನಲ್ಲಿ ಪರ್ಸೀನ್ ಬೋಟು, ಟ್ರಾಲರ್ ಎಲ್ಲ ಮೈಗೆ ಮೈ ತಾಗಿಸಿಕೊಂಡು ನಿಂತಿವೆ. ದಡದಲ್ಲಿ ನಿಂತು ರಾಡ್ ಬೀಸುವ ನನ್ನಂಥವನನ್ನು ಆ ಆದೇಶ ತಡೆಯುವುದಿಲ್ಲ, ಕಾಳಿ ನದಿ ತಡೆಯುತ್ತದೆ. ಮೇ ತಿಂಗಳಲ್ಲೇ ಮಳೆ ಹಿಡಿದದ್ದರಿಂದ ಕೋಡಿಬಾಗದ ಅಳಿವೆಯ ತನಕ ಕೆಂಪು ನೀರು. ಮೇಲೆ ಬಾಳೆದಿಂಡು, ತೆಂಗಿನ ಹೆಡೆ, ಯಾರದೋ ಚಪ್ಪಲಿ. ಗಾಳ ಎಸೆದರೆ ಕಸ ಬರುತ್ತದೆ.

ಡಬ್ಬಿ ಬಿಚ್ಚಿ ನೋಡಿದರೆ ಉಳಿದಿರುವ ಜಿಗ್‌ಗಳಲ್ಲಿ ಅರ್ಧಕ್ಕೆ ಬಣ್ಣವಿಲ್ಲ, ಮತ್ತರ್ಧದ ಗಾಳ ತುಕ್ಕು. ಹೋದವೆಲ್ಲ ಕಾಳಿಮಾತಾ ನಡುಗಡ್ಡೆಯ ಸುತ್ತಲಿನ ಕಾಂಡ್ಲಾ ಗಿಡಗಳ ಬೇರುಗಳಲ್ಲಿವೆ. ಚೊಣಕ ಮೀನು ಇರುವುದೂ ಅಲ್ಲೇ, ಆದ್ದರಿಂದ ಬೇರಿಗೆ ಹೆದರಿ ದೂರ ಎಸೆದು ಪ್ರಯೋಜನವಿಲ್ಲ. ಅಂಗಡಿಯಲ್ಲಿ ಒಂದು ಒಳ್ಳೆಯ ಜಿಗ್‌ಗೆ ಕೊಡುವ ದುಡ್ಡಿಗೆ ಬಂಗುಡೆ ತಂದರೆ ಮನೆಮಂದಿಯೆಲ್ಲ ಉಣ್ಣಬಹುದು. ಗಾಳದ ಕುತ್ತಿಗೆಗೆ ಒಂದು ಸೀಸದ ತಲೆ, ತಲೆಗೆ ಬಣ್ಣ, ಎರಡು ಕಣ್ಣು, ಹಿಂದೆ ಒಂದಿಷ್ಟು ರೋಮ. ಇಷ್ಟಕ್ಕೆ ಅಂಗಡಿ ಯಾಕೆ? ಈ ಮಳೆಗಾಲ ಎಲ್ಲವನ್ನೂ ಮನೆಯಲ್ಲೇ ಹೊಯ್ಯುವುದು.

ಪಕ್ಕದ ಮನೆಯ ತಾಂಡೇಲ ಮಾಮನಿಗೆ ಹೇಳಿದೆ. ನಲವತ್ತು ವರ್ಷ ಸಮುದ್ರದ ಮೇಲಿದ್ದ ಮನುಷ್ಯ. "ಶಾಲೆ ಮಕ್ಕಳು ಕ್ರಾಫ್ಟ್ ಪಿರಿಯಡ್‌ನಲ್ಲಿ ಮಾಡ್ತಾವಲ್ಲ, ಹಂಗಾ ಮಾಸ್ತರ್ರೇ?" ಅಂದರು.

ಜೂನ್ 8, ಭಾನುವಾರ

ಸೀಸವೆಲ್ಲ ಒಂದೇ ಎಂದು ತಿಳಿದವರು ಗುಜರಿ ಅಂಗಡಿಗೆ ಹೋಗಬೇಕು. ಇವತ್ತು ಸಿಕ್ಕ ಒಳ್ಳೆಯ ಮಾಲು ಹಳೆಯ ಟೆಲಿಫೋನ್ ಕೇಬಲ್ಲಿನ ಹೊದಿಕೆ. ಮೆತ್ತಗಿನ ಸೀಸ, ಉಗುರಿನಿಂದ ಗೀರಿದರೆ ಹೊಳೆಯುವ ಗೆರೆ ಬೀಳುತ್ತದೆ. ಅಚ್ಚಿನ ಸಣ್ಣ ಮೂಲೆಗೂ ಹರಿದು ತುಂಬುವುದು ಇಂಥದ್ದೇ. ಟೈರ್ ಅಂಗಡಿಯಲ್ಲಿ ಚಕ್ರ ಬ್ಯಾಲೆನ್ಸ್ ಮಾಡಲು ರಿಮ್ಮಿನ ಅಂಚಿಗೆ ಸಿಕ್ಕಿಸುವ ತುಂಡುಗಳೂ ಸಿಕ್ಕವು. ಅವುಗಳಲ್ಲಿ ಆಂಟಿಮನಿ ಬೆರೆತಿರುವುದರಿಂದ ಗಟ್ಟಿ, ಬಂಡೆಗೆ ಬಡಿದರೂ ತಲೆ ಚಪ್ಪಟೆಯಾಗುವುದಿಲ್ಲ. ತೊಂದರೆಯೆಂದರೆ, ಈಗೀಗ ಆ ತುಂಡುಗಳು ಸತುವಿನವೂ ಇರುತ್ತವೆ, ಕಬ್ಬಿಣದವೂ ಇರುತ್ತವೆ. ಕಬ್ಬಿಣ ಅಯಸ್ಕಾಂತಕ್ಕೆ ಸಿಕ್ಕಿಬೀಳುತ್ತದೆ. ಸತು ಸಿಕ್ಕುವುದಿಲ್ಲ. ಅದು ಕರಗುವುದು ಸುಮಾರು 420 ಡಿಗ್ರಿಯಲ್ಲಿ. ಬಾಣಲೆಯ ಶಾಖವನ್ನು ಅದಕ್ಕಿಂತ ಕೆಳಗೇ ಇಟ್ಟರೆ ಕರಗಿದ ಸೀಸದ ಮೇಲೆ ತೇಲುತ್ತಿರುತ್ತದೆ, ಸೌಟಿನಲ್ಲಿ ಎತ್ತಿ ಎಸೆಯಬಹುದು. ಶಾಖ ಮೀರಿ ಅದೂ ಕರಗಿಬಿಟ್ಟರೆ ಇಡೀ ಬಾಣಲೆಯ ಸೀಸ ಅಂಬಲಿಯಂತಾಗುತ್ತದೆ, ಅಚ್ಚಿಗೆ ಇಳಿಯುವುದಿಲ್ಲ.

ಗುಜರಿಯವನು ಹಳೆಯ ಬ್ಯಾಟರಿಯ ಪ್ಲೇಟು ಅಗ್ಗಕ್ಕೆ ಕೊಡುತ್ತೇನೆಂದ. ಬೇಡವೆಂದೆ. ಅದರಲ್ಲಿರುವುದು ಸೀಸಕ್ಕಿಂತ ಹೆಚ್ಚಾಗಿ ಸೀಸದ ಸಲ್ಫೇಟು, ಆಮ್ಲ, ಸಾಲದ್ದಕ್ಕೆ ಆರ್ಸೆನಿಕ್. ಮನೆಯ ಒಲೆಯ ಮೇಲೆ ಇಡುವ ವಸ್ತುವೇ ಅಲ್ಲ. "ಎಲ್ಲರೂ ಒಯ್ತಾರೆ" ಅಂದ. ಒಯ್ಯುತ್ತಾರೆ, ಗೊತ್ತು.

ಜೂನ್ 15, ಭಾನುವಾರ

ಎಂಟು ಗಂಟೆಗೆ ಮಳೆ ಹೊಳವಾಯಿತು. ಹಿತ್ತಿಲ ಕಟ್ಟಿಗೆ ಕೊಟ್ಟಿಗೆಯಲ್ಲಿ ಹಂಚಿನಿಂದ ಹನಿ ಬೀಳದ ಮೂಲೆ ನೋಡಿ ಒಲೆ ಹೂಡಿದೆ.

ಕರಗಿದ ಸೀಸವೆಂದರೆ ಎಲ್ಲರಿಗೂ ಬೆಂಕಿಯ ಹೆದರಿಕೆ. ನನಗೆ ನೀರಿನದು. ಸೀಸ ಕರಗುವುದು 327 ಡಿಗ್ರಿಗೆ, ಹೊಯ್ಯುವಾಗ 370ರಿಂದ 400 ಇರುತ್ತದೆ. ಒಂದು ಹನಿ ನೀರು ಅದರ ಅಡಿಗೆ ಹೋದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಬೆಯಾಗಿ 1,600 ಪಟ್ಟು ಹಿಗ್ಗುತ್ತದೆ, ಮೇಲಿದ್ದ ಸೀಸವನ್ನು ಮುಖಕ್ಕೆ ಎರಚುತ್ತದೆ. ಕಾರವಾರದ ಜೂನ್ ತಿಂಗಳಲ್ಲಿ ಒಣಗಿದ್ದು ಅಂತ ಏನಿದೆ? ಗೋಡೆ ಬೆವರುತ್ತದೆ, ಉಪ್ಪಿನ ಭರಣಿ ಬೆವರುತ್ತದೆ. ಹಾಗಾಗಿ ಸೀಸದ ತುಂಡುಗಳನ್ನು ಹಿಂದಿನ ರಾತ್ರಿಯೇ ಬಚ್ಚಲ ಒಲೆಯ ಮೇಲೆ ಒಣಗಿಸಿಟ್ಟಿದ್ದೆ. ಕರಗಿದ ಬಾಣಲೆಗೆ ಹೊಸ ತುಂಡು ಹಾಕುವಾಗ ಮೊದಲು ಅಂಚಿನಲ್ಲಿಟ್ಟು ಕಾಯಿಸಿ ಆಮೇಲೆ ಒಳಗೆ ಜಾರಿಸಿದೆ. ಸೌಟನ್ನೂ ಹಾಗೆಯೇ.

ಅಚ್ಚು ಅಲ್ಯೂಮಿನಿಯಮ್ಮಿನದು, ಎರಡು ಹೋಳು. ಲೇಥ್ ಅಂಗಡಿಯ ಹುಡುಗ ಅಚ್ಚುಕಟ್ಟಾಗಿ ಕೊರೆದುಕೊಟ್ಟಿದ್ದಾನೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅಚ್ಚು ಮಾಡಿದರೆ ಖರ್ಚಿಲ್ಲ ಎಂದು ಹೇಳುವವರಿದ್ದಾರೆ. ಆದರೆ ಅದು ಗಾಳಿಯ ನೀರನ್ನೂ ಕುಡಿಯುತ್ತದೆ. ಗಣಪತಿಗೇ ಬೇಡವೆಂದು ನಿಷೇಧಿಸಿದ ಪ್ಲಾಸ್ಟರ್, ಮಳೆಗಾಲದ ಸೀಸಕ್ಕಂತೂ ಬೇಡ. ಅಚ್ಚಿನ ಒಳಮೈಗೆ ಚಿಮಣಿ ಬುಡ್ಡಿಯ ಮಸಿ ಹಿಡಿಸಿದೆ. ಮಸಿ ಇದ್ದರೆ ಸೀಸ ಸಲೀಸಾಗಿ ಇಳಿಯುತ್ತದೆ.

ಬಾಣಲೆಗೆ ಒಂದು ಚೂರು ಮೇಣ ಹಾಕಿ ಕಲಕಿದಾಗ ಹೊಗೆ ಎದ್ದು ಭಗ್ಗನೆ ಉರಿಯಿತು. ಮೇಲೆ ಬೂದುಬಣ್ಣದ ಕಿಟ್ಟ ಕಟ್ಟಿತು, ಕೆಳಗೆ ಕನ್ನಡಿ. ಈ ಕಿಟ್ಟವನ್ನು ತೆಗೆದು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಬೇಕು, ಅಂಗಳಕ್ಕಲ್ಲ. ಈ ಶಾಖದಲ್ಲಿ ಸೀಸ ಆವಿಯಾಗುವುದು ತೀರಾ ಕಡಿಮೆ. ಅಪಾಯ ಇರುವುದು ಈ ಪುಡಿಯಲ್ಲಿ. ಕೈಗೆ ಅಂಟುತ್ತದೆ, ಕೈ ಬಾಯಿಗೆ ಹೋಗುತ್ತದೆ.

ಮೊದಲ ತಲೆಗಳು ಮುದುಕನ ಕೆನ್ನೆಯಂತೆ ಸುಕ್ಕು. ಅಚ್ಚು ತಣ್ಣಗಿದ್ದರೆ ಹಾಗೇ ಆಗುವುದು. ಅವನ್ನು ಗಾಳದ ಸಮೇತ ಇಕ್ಕಳದಲ್ಲಿ ಹಿಡಿದು ಮತ್ತೆ ಬಾಣಲೆಗೆ ಅದ್ದಿದರೆ ಸೀಸ ಬಿಟ್ಟುಕೊಡುತ್ತದೆ. ಅಚ್ಚು ಬಿಸಿಯಾದ ಮೇಲೆ ಒಂದರ ಹಿಂದೆ ಒಂದು ನುಣ್ಣಗೆ ಬಂದವು. ಗಾಳ ಇಡು, ಅಚ್ಚು ಮುಚ್ಚು, ಒಂದೇ ಉಸಿರಿಗೆ ಹೊಯ್ಯಿ, ಹತ್ತು ಎಣಿಸು, ತೆರೆ. ಹೊಯ್ಯುವಾಗ ನಡುವೆ ತಡೆದರೆ ಅಲ್ಲೊಂದು ಗೆರೆ ಉಳಿಯುತ್ತದೆ.

ಕೆಲಸ ಹದಕ್ಕೆ ಬಂದಿತ್ತು, ಅಷ್ಟರಲ್ಲಿ ತಾಂಡೇಲ ಮಾಮ ಕೊಟ್ಟಿಗೆಯ ಬಾಗಿಲಿಗೆ ಬಂದರು, ಕೈಯಲ್ಲಿ ಸೋರುವ ಕೊಡೆ. "ಮಾಮ, ಅಲ್ಲೇ ನಿಲ್ಲಿ!" ಎಂದು ಕೂಗಿದೆ. ಆ ದನಿಯಲ್ಲಿ ನಾನು ಅವರ ಜೊತೆ ಯಾವತ್ತೂ ಮಾತಾಡಿದವನಲ್ಲ. ನಿಂತರು. ಕೊಡೆಯನ್ನು ಹೊರಗಿನ ಹಲಸಿನ ಮರಕ್ಕೆ ಒರಗಿಸಿ, ಲುಂಗಿಗೆ ಕೈ ಒರಸಿಕೊಂಡು, "ಎಂಜಿನ್ ರೂಮಿನಲ್ಲಿ ನಾನೂ ಹಿಂಗೇ ಬೈತಿದ್ದೆ" ಅಂದರು.

ಜೂನ್ 24, ಮಂಗಳವಾರ

ಮಳೆ. ಶಾಲೆಗೆ ಮಳೆ ರಜೆ ಸಿಕ್ಕರೂ ಸೀಸಕ್ಕೆ ಪ್ರಯೋಜನವಿಲ್ಲ. ರಜೆ ಕೊಡಿಸಿದ ಮಳೆಯೇ ಒಲೆ ಹೂಡಲು ಬಿಡುವುದಿಲ್ಲ. ಅರದಲ್ಲಿ ತಲೆಗಳ ಅಂಚು ತಿಕ್ಕಬೇಕಿತ್ತು, ಅದೂ ಬೇಡವೆನಿಸಿತು. ತಿಕ್ಕಿದರೆ ಪುಡಿ. ಅಂಚನ್ನು ಚಾಕುವಿನಲ್ಲಿ ಹೆರೆಯುವುದೇ ಮೇಲು, ಸುರುಳಿ ಕಣ್ಣಿಗೆ ಕಾಣುತ್ತದೆ, ಹೆಕ್ಕಬಹುದು.

ಜುಲೈ 2, ಬುಧವಾರ

ತಂಗಿ ಮುಂದಿನ ವಾರ ಬರುತ್ತಾಳಂತೆ, ಎರಡು ವರ್ಷದ ಮಗಳ ಜೊತೆ. ಅವಳ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ.

ಹೆಂಡತಿ ನನ್ನನ್ನು ಕೂರಿಸಿ ಕೇಳಿದಳು. "ಆ ಕೊಟ್ಟಿಗೆಯಿಂದ ಬಂದ ಚಪ್ಪಲಿ ಎಲ್ಲಿಡ್ತೀರಿ? ಆ ಅಂಗಿ ನನ್ನ ಬಟ್ಟೆ ಜೊತೆ ಯಾಕೆ ನೆನೆಹಾಕ್ತೀರಿ?" ವಿಜ್ಞಾನ ಕಲಿಸುವವನು ನಾನು, ಪ್ರಶ್ನೆ ಕೇಳುವವಳು ಅವಳು.

ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ಮಗುವಿನ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದು ನಂಬಿ ಎಲುಬಿನಲ್ಲಿ ಕೂಡಿಡುತ್ತದೆ, ದಶಕಗಟ್ಟಲೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಇದನ್ನು ಜನರ ಕಿವಿಗೆ ಹಾಕಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಮುಖ್ಯರು. ಪೆಟ್ರೋಲಿನಿಂದ ಸೀಸ ಹೋದದ್ದೇ 2000ದಲ್ಲಿ. ನನ್ನ ಬಾಲ್ಯದ ಬಸ್ ಸ್ಟ್ಯಾಂಡುಗಳೆಲ್ಲ ಅದಕ್ಕೂ ಮುಂಚಿನವು.

ತೀರ್ಮಾನ: ಕೊಟ್ಟಿಗೆಗೆ ಬೀಗ. ಅಲ್ಲಿಗೊಂದು ಬೇರೆ ಅಂಗಿ, ಬೇರೆ ಚಪ್ಪಲಿ, ಎರಡೂ ಅಲ್ಲೇ. ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಅದೂ ಒಲೆ ಪೂರ್ತಿ ತಣಿದ ಮೇಲೆ. ತಂಗಿ ವಾಪಸಾಗುವ ತನಕ ಹೊಯ್ಯುವುದಿಲ್ಲ. ಸೋಪಿನಲ್ಲಿ ಕೈ ತೊಳೆದು ಇವಳಿಗೆ ತೋರಿಸಿದೆ. ಉಗುರು ತೋರಿಸಿ ಅಂದಳು.

ಜುಲೈ 13, ಭಾನುವಾರ

ಬಣ್ಣದ ಕೆಲಸ. ಹೊಯ್ದದ್ದೆಲ್ಲ ಇದರ ಆಸೆಗೇ ಇರಬೇಕು.

ಹಿಂದೆ ನೇಲ್ ಪಾಲಿಶ್ ಹಚ್ಚುತ್ತಿದ್ದೆ. ಫ್ಯಾನ್ಸಿ ಸ್ಟೋರಿನಲ್ಲಿ ಚಿನ್ನದ ಬಣ್ಣ, ಗಿಳಿಹಸಿರು, ಮಿಂಚಿನದು ಎಂದು ಆರಿಸಿ ಕೊಳ್ಳುತ್ತಿದ್ದರೆ ಅಂಗಡಿಯವನು ಮನೆಯಲ್ಲಿ ಮದುವೆಯೇ ಎಂದು ಕೇಳಿದ್ದ. ಬೇಸಿಗೆಗೆ ಅದು ಚೆನ್ನ. ಮಳೆಗಾಲದಲ್ಲಿ ಅದರ ದ್ರಾವಕ ಹಾರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ಪಸೆ ಅಲ್ಲಿ ಕೂರುತ್ತದೆ, ಹೊಳಪಿನ ಬದಲು ಬಿಳಿ ಮಬ್ಬು ಹಿಡಿಯುತ್ತದೆ.

ಈ ಸಲ ಪೌಡರ್ ಕೋಟಿಂಗ್. ಕಪಾಟು, ಕಿಟಕಿ ಚೌಕಟ್ಟುಗಳಿಗೆ ಹಾಕುವ ಅದೇ ಪುಡಿ; ಹುಬ್ಬಳ್ಳಿಯ ಶೆಡ್ ಒಂದರಿಂದ ಸ್ನೇಹಿತ ತಂದುಕೊಟ್ಟ. ತಲೆಯನ್ನು ಅಸಿಟೋನಿನಲ್ಲಿ ಒರೆಸಿ, ಗಾಳವನ್ನು ಇಕ್ಕಳದಲ್ಲಿ ಹಿಡಿದು, ಮೇಣದ ಬತ್ತಿಯ ಮೇಲೆ ಕೆಲವು ಸೆಕೆಂಡು ಆಡಿಸಿ ಪುಡಿಗೆ ಅದ್ದಿದರೆ ತಕ್ಷಣ ಕರಗಿ ಅಂಟುತ್ತದೆ. ಹೆಚ್ಚು ಕಾಯಿಸಿದರೆ ಪುಡಿ ಗುಂಪುಗುಂಪಾಗಿ ಹಿಡಿಯುತ್ತದೆ, ಕಡಿಮೆಯಾದರೆ ತೊಗಲು ಕಾಣುತ್ತದೆ. ಪುಡಿ ಗಟ್ಟಿಯಾಗಿ ಕೂತಿರಬಾರದು. ಡಬ್ಬಿಯ ತಳದಿಂದ ಅಕ್ವೇರಿಯಂ ಪಂಪಿನ ಗಾಳಿ ಬಿಟ್ಟರೆ ಹಾಲುಕ್ಕಿದಂತೆ ಸಡಿಲವಾಗುತ್ತದೆ, ಪದರ ಸಮವಾಗಿ ಕೂರುತ್ತದೆ. ಗಾಳದ ಕಣ್ಣಿನಲ್ಲಿ ತುಂಬಿದ್ದನ್ನು ಸೂಜಿಯಿಂದ ಚುಚ್ಚಿ ತೆಗೆದು, ಹಳೆಯ ಓವನ್ನಿನಲ್ಲಿ ತೂಗುಹಾಕಿ 180 ಡಿಗ್ರಿಯಲ್ಲಿ 20 ನಿಮಿಷ. ಬೇಯಿಸದಿದ್ದರೂ ಚಂದವೇ ಕಾಣುತ್ತದೆ, ಆದರೆ ಮೊದಲ ಕಲ್ಲಿಗೆ ತಾಗಿದಾಗ ಎದ್ದುಬರುತ್ತದೆ. ಈ ಓವನ್ ಇನ್ನು ಕೇಕಿಗಿಲ್ಲ. ಅದರ ಮೇಲೆ ಇವಳೇ ಕೆಂಪು ಅಕ್ಷರದಲ್ಲಿ ಬರೆದಿಟ್ಟಿದ್ದಾಳೆ.

ಮೊದಲು ಬಿಳಿ, ಅದರ ಮೇಲೆ ಉಳಿದದ್ದು. ಬೂದು ಸೀಸದ ಮೇಲೆ ನೇರವಾಗಿ ಹಾಕಿದ ಹಳದಿ ಕೊಳೆ ಹಳದಿ. ಹುರುಪೆಗೆ ಸೊಳ್ಳೆಪರದೆಯ ತುಂಡು ಸುತ್ತಿ ಮೇಲಿನಿಂದ ಸ್ಪ್ರೇ. ಪರದೆ ಬಿಚ್ಚುವ ಗಳಿಗೆಯ ಖುಷಿಗೆ ಬೆಲೆಯಿಲ್ಲ. ಕಣ್ಣಿಗೆ ದೊಡ್ಡ ಮೊಳೆಯ ತಲೆಯಿಂದ ಬಿಳಿ, ಒಣಗಿದ ಮೇಲೆ ಸಣ್ಣ ಮೊಳೆಯಿಂದ ಕಪ್ಪು. ದೊಡ್ಡ ಮೀನು ಬೇಟೆಯ ಕಣ್ಣನ್ನು ಗುರಿಯಿಡುತ್ತದೆ ಎನ್ನುತ್ತಾರೆ. ಇರಬಹುದು. ಕಣ್ಣು ಬರೆದ ಮೇಲೆ ಜಿಗ್ ನನ್ನನ್ನು ನೋಡುತ್ತದೆ ಎನ್ನುವುದಂತೂ ಖರೆ.

ಬಣ್ಣ ಆರಿಸುವಾಗ ನೀರು ನೆನಪಿರಬೇಕು. ತಿಳಿ ಸಮುದ್ರದಲ್ಲಿ ಆಳಕ್ಕೆ ಹೋದಂತೆ ಮೊದಲು ಮಾಯವಾಗುವುದು ಕೆಂಪು, ನೀಲಿ ಉಳಿಯುತ್ತದೆ. ಕೊಳೆತ ಎಲೆಯ ರಸ ಬೆರೆತ ಅಳಿವೆಯಲ್ಲಿ ತಿರುವುಮುರುವು. ನೀಲಿಯನ್ನು ನೀರೇ ನುಂಗುತ್ತದೆ, ಹಳದಿ, ಕೇಸರಿ ಸ್ವಲ್ಪ ದೂರ ಹೋಗುತ್ತವೆ. ಆದ್ದರಿಂದ ಕಾಳಿಗೆ ಚಿನ್ನ ಮತ್ತು ಕೇಸರಿ. ಹಳೆಯ ಎನಾಮೆಲ್ ಡಬ್ಬಿಯಲ್ಲಿ ಸೊಗಸಾದ ಹಳದಿ ಇತ್ತು, ಮುಟ್ಟಲಿಲ್ಲ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಹಳದಿಗಳ ಹೊಳಪಿಗೆ ಲೆಡ್ ಕ್ರೋಮೇಟ್ ಕಾರಣ. ಸೀಸವನ್ನು ಮುಚ್ಚಲು ಸೀಸವನ್ನೇ ಬಳಿಯುವುದೇ?

ಜುಲೈ 20, ಭಾನುವಾರ

ಸಾಲಾಗಿ ತೂಗುಹಾಕಿದ ಜಿಗ್‌ಗಳನ್ನು ತಾಂಡೇಲ ಮಾಮನಿಗೆ ಹೆಮ್ಮೆಯಿಂದ ತೋರಿಸಿದೆ. ಬಣ್ಣದ ಕಡೆ ಅವರ ಕಣ್ಣೇ ಹೋಗಲಿಲ್ಲ. ಒಂದನ್ನು ದಾರಕ್ಕೆ ಕಟ್ಟಿ ತೂಗಿಸಿ ಅದು ನೆಟ್ಟಗೆ ಮಲಗುತ್ತದೋ ಮೂಗು ತಗ್ಗಿಸುತ್ತದೋ ನೋಡಿದರು. ದಾರ ಕಟ್ಟುವ ಗಾಳದ ಕಣ್ಣು ಮೈಗೆ ಲಂಬವಾಗಿದ್ದರೆ ಜಿಗ್ ಅಡ್ಡಕ್ಕೆ ತೂಗುತ್ತದೆ, ನೇರ ಕೆಳಗೆ ಬಿಟ್ಟು ಎತ್ತಿ ಇಳಿಸಲು ಒಳ್ಳೆಯದು. ಮುಂದಕ್ಕೆ ಓರೆಯಾಗಿದ್ದರೆ ಕಾಂಡ್ಲಾ ಬೇರಿನ ನಡುವೆ ಮೂಗು ತೂರಿಸಿ ಬರುತ್ತದೆ. "ಮೀನು ಬಣ್ಣ ನೋಡೂದಿಲ್ಲ ಮಾಸ್ತರ್ರೇ, ನಡಿಗೆ ನೋಡ್ತದೆ. ನಾವು ಬಿಳಿ ಪಂಚೆಯ ಚೂರು ಕಟ್ಟಿ ಇಸ್ವಾಣ ಹಿಡೀತಿದ್ವಿ." ಬಣ್ಣದ ಬಗ್ಗೆ ನನ್ನದೊಂದು ಪಾಠವೇ ತಯಾರಿತ್ತು, ಒಳಗೇ ಉಳಿಯಿತು.

ಮಳೆ ನಿಂತಿತ್ತು. ಅವರು ಬೀಸುಬಲೆ ತಂದು ಅಂಗಳದಲ್ಲಿ ಹರಡಿ ಹರಿದಲ್ಲಿ ಹೆಣೆಯತೊಡಗಿದರು. ಕೊನೆಗೆ ಸರಿಯಾಯಿತೋ ನೋಡಲು ಒಂದು ಸಲ ಬೀಸಿದರು. ಎಡ ಮೊಣಕೈಗೆ ಒಂದು ಮಡಿಕೆ, ಬಲಗೈಗೆ ಒಂದು, ಮತ್ತೆ ಅಂಚಿನ ಒಂದು ಸೀಸದ ಗುಂಡು ಹಲ್ಲಿನ ನಡುವೆ. ಬಲೆ ಹಾರುವಾಗ ಹಲ್ಲು ಬಿಟ್ಟರು. ಬಲೆ ಅಂಗಳದ ಮೇಲೆ ದುಂಡಗೆ ಬಿತ್ತು.

ಹುಟ್ಟಿದಾರಭ್ಯ ಬೀಸುಬಲೆ ನೋಡಿದ್ದೇನೆ. ಹಲ್ಲಿನ ನಡುವೆ ಏನಿರುತ್ತದೆ ಎಂದು ಇವತ್ತು ಕಂಡಿತು. ನಾನು ಒಂದು ಚಿಟಿಕೆ ಪುಡಿಗೆ ಬೀಗ ಹಾಕಿ ಕೂತಿದ್ದೇನೆ. ಇವರು ಚಿಕ್ಕಂದಿನಿಂದ, ದಿನಕ್ಕೆ ನೂರು ಸಲ, ಬೋಳು ಸೀಸವನ್ನು ಕಚ್ಚುತ್ತ ಬಂದಿದ್ದಾರೆ. ಹೇಳಿದೆ. "ಬಾಯಿ ಮುಕ್ಕಳಿಸ್ತೇನಲ್ಲ, ಉಪ್ಪು ನೀರಿನಲ್ಲಿ" ಅಂದರು.

ಜುಲೈ 27, ಭಾನುವಾರ

ತಂಗಿ ಹೋದಳು. ಪುಟ್ಟಿಗೆ ಸಿಕ್ಕಿದ್ದು ಒಂದೇ, ಗಾಳವಿಲ್ಲದ ಮರದ ಮೀನು. ಅದಕ್ಕೆಂದೇ ಕೆತ್ತಿ ಅರಿಶಿನ ಬಳಿದದ್ದು.

ಸೀಸಕ್ಕೆ ಬದಲು ಏನು ಎಂದು ಲೆಕ್ಕ ಹಾಕುತ್ತಿದ್ದೇನೆ. ಬ್ರಿಟನ್ನಿನಲ್ಲಿ 28 ಗ್ರಾಂ ತನಕದ ಸೀಸದ ಗುಂಡುಗಳ ಮಾರಾಟವನ್ನು 1987ರಲ್ಲೇ ನಿಲ್ಲಿಸಿದರು. ಹಂಸಗಳು ಆಹಾರ ಅರೆಯಲು ನುಂಗುವ ಹರಳುಗಳ ಜೊತೆ ಅವನ್ನೂ ನುಂಗಿ ಸಾಯುತ್ತಿದ್ದವು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಲೂನ್ ಎಂಬ ಮುಳುಗು ಹಕ್ಕಿಗಾಗಿ ಸಣ್ಣ ಜಿಗ್‌ಗಳಿಗೂ ನಿಷೇಧವಿದೆ. ನಮ್ಮ ಕಾಳಿಯಲ್ಲಿ ಹಂಸವಿಲ್ಲ, ಲೂನ್ ಇಲ್ಲ. ಆದರೆ ನನ್ನ ಜಿಗ್ ಕಳೆದುಹೋದ ಕೆಸರಿನಲ್ಲೇ ಹೆಂಗಸರು ಸೊಂಟದ ತನಕ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾರೆ.

ಟಂಗ್‌ಸ್ಟನ್ ಮನೆಯ ಒಲೆಗೆ ಕರಗುವ ಮಾತೇ ಇಲ್ಲ. ತವರ ಇದೆ, 232 ಡಿಗ್ರಿಗೇ ಕರಗುತ್ತದೆ. ಕಲಾಯಿಯವನು ಹಿತ್ತಾಳೆ ಪಾತ್ರೆಗೆ ನವಸಾಗರ ಹಾಕಿ ಬಳಿಯುವ ಅದೇ ಲೋಹ, ಊಟದ ಪಾತ್ರೆಯೊಳಗೇ ಇರುವಂಥದ್ದು. ಬೆಲೆ ಮಾತ್ರ ಸೀಸದ ಹತ್ತು ಪಟ್ಟಿಗೂ ಹೆಚ್ಚು. ತೂಕವೂ ಬೇರೆ: 12 ಮಿಲಿಮೀಟರ್ ಗುಂಡಿನ ಅಚ್ಚಿನಲ್ಲಿ ಸೀಸ 10 ಗ್ರಾಂ ಬಂದರೆ ತವರ ಆರೂವರೆ. ಕಲಾಯಿ ಅಜ್ಜನಿಂದ ಒಂದು ತುಂಡು ತಂದು ಹೊಯ್ದೆ. ಬೆಳ್ಳಿಯ ಹಾಗೆ ಬಂತು, ಬಣ್ಣವೇ ಬೇಡ. ಹಗುರವಾದ್ದರಿಂದ ನಿಧಾನ ಮುಳುಗುತ್ತದೆ, ಆಳವಿಲ್ಲದ ಸುಂಕೇರಿ ಕಡೆಯ ಹಿನ್ನೀರಿಗೆ ಅದೇ ಹಿತ. ಇನ್ನು ಮುಂದೆ ಸಣ್ಣವೆಲ್ಲ ತವರದವು. ಹರಿವಿನಲ್ಲಿ ತಳ ಮುಟ್ಟಬೇಕಾದ 20 ಗ್ರಾಂನವಕ್ಕೆ ಸೀಸ ಬಿಟ್ಟರೆ ಗತಿಯಿಲ್ಲ, ಸದ್ಯಕ್ಕೆ.

ಆಗಸ್ಟ್ 3, ಭಾನುವಾರ

ಬಾಲ ಕಟ್ಟಿದೆ. ಅಮೆರಿಕದವರು ಬಿಳಿಬಾಲದ ಜಿಂಕೆಯ ರೋಮ ಕಟ್ಟುತ್ತಾರೆ. ಇಲ್ಲಿ ಜಿಂಕೆಯ ರೋಮ ಇಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆ ಕೇಳುತ್ತದೆ. ನನಗೆ ಮೇಕೆ ರೋಮ, ಊರಕೋಳಿ ಹುಂಜದ ಕುತ್ತಿಗೆಯ ಗರಿ, ನಡುವೆ ಹಾರದ ಅಂಗಡಿಯ ಜರಿ ನಾಲ್ಕೆಳೆ. ರೋಮ ದಟ್ಟವಾದರೆ ನೀರಿನಲ್ಲಿ ಕುಂಚದಂತೆ ನಿಲ್ಲುತ್ತದೆ. ಕಡಿಮೆ ಕಟ್ಟಬೇಕು, ಇನ್ನೂ ಕಡಿಮೆ.

ಆಗಸ್ಟ್ 10, ಭಾನುವಾರ

ನಿನ್ನೆ ನೂಲಹುಣ್ಣಿಮೆ, ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟಾಯಿತು. ಇವತ್ತು ಇಳಿತದ ಹೊತ್ತಿಗೆ ಕಾಂಡ್ಲಾ ತೋಡಿನ ಬಾಯಲ್ಲಿ ನಿಂತೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದ ಜಾಗದ ಕಡೆಗೆ ಈಗಲೂ ಗಾಳ ಎಸೆಯಲು ಮನಸ್ಸಾಗುವುದಿಲ್ಲ.

ಕೇಸರಿ ತಲೆಯ 20 ಗ್ರಾಂನದಕ್ಕೆ ಚೊಣಕ ಹೊಡೆಯಿತು. ಎಳೆತ ಇಲ್ಲ, ಹೊಡೆತ. ನೀರಿನಿಂದ ಮೇಲೆ ಚಿಮ್ಮಿ ತಲೆ ಕೊಡವಿತು. ಅದರ ಕಿವಿರು ಮುಚ್ಚಳದ ಅಂಚು ಬ್ಲೇಡು, ತೆಳು ತಂಗೂಸಾದರೆ ಅಲ್ಲೇ ಕಡಿಯುತ್ತಿತ್ತು. ಎರಡು ಕಿಲೋ ಇರಬೇಕು. ಚೊಣಕ ಮೊದಲು ಗಂಡಾಗಿದ್ದು ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು, ಆದ್ದರಿಂದ ಭಾರಿ ಗಾತ್ರದ್ದು ಸಿಕ್ಕರೆ ಬಿಡುವುದು ನನ್ನ ರೂಢಿ. ಇದು ಪಲ್ಯೆಯ ಅಳತೆಯದು. ಹೊಟ್ಟೆಯಲ್ಲಿ ಎರಡು ಶೆವಟೆ ಮರಿ ಸಿಕ್ಕವು ಎಂದು ಇವಳು ತಂದು ತೋರಿಸಿದಳು. ಎರಡೂ ಬೂದು, ಚಿನ್ನವೂ ಅಲ್ಲ, ಕೇಸರಿಯೂ ಅಲ್ಲ. ತಾಂಡೇಲ ಮಾಮನಿಗೆ ಹೇಳಬೇಡ ಎಂದೆ.

ಆಗಸ್ಟ್ 17, ಭಾನುವಾರ

ಉಳಿದ ತವರದಲ್ಲಿ ಬಲೆಯ ಗುಂಡು ಹೊಯ್ದೆ, ನಾಲ್ಕು. ಸೀಸದಷ್ಟೇ ತೂಗಬೇಕಾದರೆ ಒಂದೂವರೆ ಪಟ್ಟು ಉದ್ದ ಬೇಕಾಯಿತು. ತಾಂಡೇಲ ಮಾಮ ಹಲ್ಲಿಗೆ ಹಿಡಿಯುವ ಕಡೆ ಇವನ್ನು ಪೋಣಿಸಿ, ಕತ್ತಲಲ್ಲೂ ಗುರುತು ಸಿಗಲೆಂದು ಅಲ್ಲೊಂದು ಕೆಂಪು ದಾರ ಕಟ್ಟಿದೆವು.

"ಬಲೆಗೆ ತಲೆ-ಬಾಲ ಎಲ್ಲಿರ್ತದೆ ಮಾಸ್ತರ್ರೇ? ದುಂಡು ಅಲ್ವಾ ಅದು? ಹಿಡಿವಾಗೆಲ್ಲ ನಿಮ್ಮ ಕೆಂಪು ದಾರ ಹುಡುಕ್ತಾ ನಿಂತ್ರೆ ಶೆವಟೆ ಗೋವಾಕ್ಕೆ ಹೋಗಿರ್ತದೆ."

ಆದರೂ ಅಂಗಳದಲ್ಲಿ ಬೀಸಿದರು. ಒಂದು ಕಡೆ ಸ್ವಲ್ಪ ತಡವಾಗಿ ತೆರೆಯಿತು. ಉದ್ದ ಗುಂಡು ಒಂದಕ್ಕೊಂದು ತೊಡರುತ್ತದೆ ಎಂದರು. ಮೂರು ಸಾಕು, ನಡುವೆ ಬೆರಳಗಲ ಜಾಗ ಬಿಡಬೇಕು ಎಂದು ಅವರೇ ಬಿಚ್ಚಿ ಪೋಣಿಸಿದರು. ಮತ್ತೆ ಬೀಸಿದರು. ಈಗ ಪರವಾಗಿಲ್ಲ. ಮಿಕ್ಕ ಒಂದು ಗುಂಡನ್ನು ಕಚ್ಚಿ ನೋಡಿ, "ಗಟ್ಟಿ ಉಂಟು, ಹಲ್ಲು ಹೋದ್ರೆ ನೀವೇ ಕಟ್ಟಿಸ್ಬೇಕು" ಅಂದರು. ಅವರ ತಮ್ಮನ ಮಗನೂ ಬಲೆ ಬೀಸುತ್ತಾನಂತೆ, ಅವನಿಗೂ ಮೂರು ಬೇಕಂತೆ. ಕಲಾಯಿ ಅಜ್ಜ ಗುರುವಾರ ಸಿಗುತ್ತಾನೆ.